ಬೋಲ್ಟು ಬಿಗಿ ಇದೆ, ಜಾಯಿಂಟ್ ಯಾಕೆ ಬಿಸಿ?

ಕಳೆದ ಭಾದ್ರಪದದ ಮಾತು. ಪುಣೆಯ ಕೋಥ್ರುಡ್‌ನ ಒಂದು ಹೌಸಿಂಗ್ ಸೊಸೈಟಿಯಲ್ಲಿ ಗಣಪತಿ ಕೂತು ಎರಡು ದಿನವಾಗಿತ್ತು. ರಾತ್ರಿಯ ಆರತಿಗೆ ಇನ್ನೂ ಅರ್ಧ ಗಂಟೆ ಇರುವಾಗ ಪಾರ್ಕಿಂಗ್ ಮೂಲೆಯ ಮೀಟರ್ ರೂಮಿನಿಂದ ಸುಟ್ಟ ವಾಸನೆ ಬಂತು. ಹೊಗೆ ಇರಲಿಲ್ಲ, ಬೆಂಕಿಯೂ ಇರಲಿಲ್ಲ. ಮಂಟಪದ ದೀಪಗಳು ಮಾತ್ರ ಒಮ್ಮೊಮ್ಮೆ ಕಣ್ಣು ಮಿಟುಕಿಸುತ್ತಿದ್ದವು. ಭೋಸರಿಯ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ಮೆಂಟೆನನ್ಸ್ ಕೆಲಸ ಮಾಡಿದವನು ಅಂತ ನನ್ನನ್ನೂ ಕರೆದರು. ನಾನು ಹೋಗುವಷ್ಟರಲ್ಲಿ ಮಂಟಪದ ದೀಪದ ಕೆಲಸಕ್ಕೆ ಬಂದಿದ್ದ ಹುಡುಗ ಕೇಬಲ್ ಜೋಡಣೆಯ ಪೆಟ್ಟಿಗೆಯ ಬಾಗಿಲು ತೆಗೆದು ನಿಂತಿದ್ದ. ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ನನ್ನ ಮಾತಿನಲ್ಲಿ ಕನ್ನಡ ಕೇಳಿದ್ದೇ ತಡ, ಮರಾಠಿ ಬಿಟ್ಟುಬಿಟ್ಟ.

“ಕಾಕಾ, ಬೋಲ್ಟ್ ಗಟ್ಟಿ ಅದ ನೋಡ್ರಿ. ಸಂಜಿಕ ಬಂದ್ ಮಾಡಿ ನಾನs ಪಾನಾ ಹಚ್ಚಿ ತಿರುವೀನಿ. ಹಂಗಿದ್ರೂ ಗರಂ ಆಗ್ಲಾಕತ್ತದ. ಯಾಕ್ರಿ?”

ಅವನ ಪ್ರಶ್ನೆ ಸರಿಯಾದ ಪ್ರಶ್ನೆ. ದಪ್ಪ ಕೇಬಲ್ಲಿಗೆ ಸಣ್ಣ ಕೇಬಲ್ ಜೋಡಿಸುವ ಕೆಲಸ ಊರೂರಲ್ಲಿ ನಡೆಯುತ್ತದೆ. ಮಾಡುವವರಲ್ಲಿ ಬಹಳ ಜನ ಅದನ್ನು ಬೋಲ್ಟು ಬಿಗಿಯುವ ಕೆಲಸ ಅಂತಲೇ ತಿಳಿದಿದ್ದಾರೆ. ಆ ಹುಡುಗನಿಗೆ ಅಂದು ರಾತ್ರಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲು ಮೇನ್ ಸ್ವಿಚ್ ಆಫ್ ಮಾಡಿಸಿದೆವು. ಹಿಡಿಕೆಗೆ ಬೀಗ ಹಾಕಿಸಿ, ಟೆಸ್ಟರ್‌ನಿಂದ ಮೂರೂ ಫೇಸ್ ಸತ್ತಿವೆಯೆಂದು ನೋಡಿಕೊಂಡೆವು. ಬಳಿಕ ಜಾಯಿಂಟಿಗೆ ಸುತ್ತಿದ್ದ ಕಪ್ಪು ಟೇಪ್ ಬಿಚ್ಚಿದೆವು. ಒಳಪದರ ಕಂದಾಗಿ ಪುಡಿಪುಡಿಯಾಗಿತ್ತು. ಅಲ್ಲಿದ್ದದ್ದು ಇಷ್ಟು: ಮೇಲಿನಿಂದ ಬಂದದ್ದು 95 ಚದರ ಮಿಲಿಮೀಟರಿನ ಅಲ್ಯುಮಿನಿಯಂ ಕೇಬಲ್, ಕೆಳಗೆ ಪಂಪಿಗೂ ಮಂಟಪದ ಬೋರ್ಡಿಗೂ ಹೊರಟದ್ದು 25 ಚದರ ಮಿಲಿಮೀಟರಿನ ತಾಮ್ರದ ಕೇಬಲ್. ಎರಡರ ತುದಿಗೂ ಲಗ್ ಹಾಕಿ, ಎರಡು ಲಗ್ಗಿನ ತೂತಿಗೂ ಒಂದೇ ಬೋಲ್ಟು ತೂರಿಸಿ ನಟ್ಟು ಬಿಗಿದಿದ್ದರು. ಮೇಲ್ನೋಟಕ್ಕೆ ತಪ್ಪೇನೂ ಕಾಣಲಿಲ್ಲ. ಹುಡುಗ ಹೇಳಿದಂತೆ ಬೋಲ್ಟು ಬಿಗಿಯಾಗಿಯೇ ಇತ್ತು. ಬಿಚ್ಚಿದ ಮೇಲೆ ತಪ್ಪು ಕಂಡಿತು. ಎರಡು ಲಗ್ಗುಗಳ ನಡುವೆ ಒಂದು ಕಬ್ಬಿಣದ ವಾಷರ್ ಇತ್ತು, ಅದೂ ತುಕ್ಕು ಹಿಡಿದದ್ದು.

ಲಗ್ ಅಂದರೆ ಏನೆಂದು ಗೊತ್ತಿಲ್ಲದವರಿಗೆ ಒಂದು ಮಾತು. ವೈರ್‌ಮನ್‌ಗಳಲ್ಲಿ ಕೆಲವರು ಇದನ್ನು ಥಿಂಬಲ್ ಅಂತಲೂ ಅನ್ನುತ್ತಾರೆ. ಒಂದು ಕಡೆ ಕೊಳವೆ, ಇನ್ನೊಂದು ಕಡೆ ಚಪ್ಪಟೆ ನಾಲಿಗೆ, ನಾಲಿಗೆಯಲ್ಲಿ ಒಂದು ತೂತು. ಕೊಳವೆಯೊಳಗೆ ಕೇಬಲ್ಲಿನ ಎಳೆಗಳನ್ನು ತೂರಿಸಿ ಕ್ರಿಂಪಿಂಗ್ ಟೂಲ್‌ನಿಂದ ಅಮುಕುತ್ತಾರೆ. ನಾಲಿಗೆಯನ್ನು ಬೋಲ್ಟಿನಿಂದ ಬೇಕಾದ ಕಡೆ ಕೂರಿಸುತ್ತಾರೆ. ಪುಣೆಯ ಬುಧವಾರ ಪೇಟೆಯಲ್ಲಿ ಪಾಸೋಡ್ಯಾ ವಿಠೋಬಾ ಗುಡಿಯ ಸುತ್ತಲಿನ ವಿದ್ಯುತ್ ಸಾಮಾನಿನ ಅಂಗಡಿಗಳಿಗೆ ಹೋಗಿ ಒಂದು ಲಗ್ ಕೈಗೆ ತೆಗೆದುಕೊಂಡು ನೋಡಿ. ಒಳ್ಳೆಯ ಕಂಪನಿಯದಾದರೆ ಅದರ ಮೇಲೆ ಎರಡು ಅಂಕಿ ಅಚ್ಚಾಗಿರುತ್ತವೆ. 95-10 ಅಂದರೆ ಕೊಳವೆ 95 ಚದರ ಮಿಲಿಮೀಟರ್ ಕೇಬಲ್ಲಿಗೆ, ತೂತು 10 ಮಿಲಿಮೀಟರ್ ಬೋಲ್ಟಿಗೆ. 25-10 ಅಂದರೆ ಕೊಳವೆ 25ಕ್ಕೆ, ತೂತು ಮತ್ತೆ ಅದೇ 10ಕ್ಕೆ. ಬೇರೆ ಬೇರೆ ಗಾತ್ರದ ಕೇಬಲ್ಲುಗಳನ್ನು ಲಗ್ ಮೂಲಕ ಜೋಡಿಸುವ ಅನುಕೂಲವೆಲ್ಲ ಈ ಎರಡು ಅಂಕಿಯಲ್ಲಿದೆ. ಕೊಳವೆ ತನ್ನ ತನ್ನ ಕೇಬಲ್ಲಿಗೆ ತಕ್ಕದ್ದು, ತೂತು ಎರಡಕ್ಕೂ ಒಂದೇ.

ಗಾತ್ರ ಬದಲಿಸುವುದೇ ತಪ್ಪಲ್ಲವೇ, ಉದ್ದಕ್ಕೂ ಒಂದೇ ಕೇಬಲ್ ಎಳೆದರೆ ಆಗದೇ ಎಂದು ಕೇಳುವವರಿದ್ದಾರೆ. ಹಾಗೆ ಆಗುವುದಾದರೆ ಒಳ್ಳೆಯದೇ. ಆದರೆ ಎಷ್ಟೋ ಕಡೆ ಆಗುವುದಿಲ್ಲ. ಆ ಹುಡುಗನ ಊರಿನದೇ ಉದಾಹರಣೆ ಕೊಟ್ಟೆ. ಇಂಡಿ ಕಡೆಯ ಲಿಂಬೆ ತೋಟದಲ್ಲಿ ಬಾವಿ ಒಂದು ಮೂಲೆಗೆ, ಕರೆಂಟಿನ ಕಂಬ ಇನ್ನೊಂದು ಮೂಲೆಗೆ. ನಡುವೆ 300 ಮೀಟರ್ ದೂರ ಅಂದುಕೊಳ್ಳಿ. 10 ಎಚ್‌ಪಿಯ ಮೂರು ಫೇಸ್ ಮೋಟಾರು ಸುಮಾರು 15 ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟಿಗೆ 4 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಸಾಕು ಅನ್ನಿಸುತ್ತದೆ. ಲೆಕ್ಕ ಹಾಕಿದರೆ ದಾರಿಯಲ್ಲೇ ಸುಮಾರು 30 ವೋಲ್ಟ್ ಸೋರಿಹೋಗುತ್ತದೆ. ಹಳ್ಳಿಯಲ್ಲಿ ಮೊದಲೇ ವೋಲ್ಟೇಜ್ ಕಡಿಮೆ, ಅದರಲ್ಲಿ ಇನ್ನೂ 30 ಹೋದರೆ ಮೋಟಾರಿನ ಸುರುಳಿ ಸುಡುತ್ತದೆ. 10 ಚದರ ಮಿಲಿಮೀಟರಿನ ಕೇಬಲ್ ಹಾಕಿದರೆ ಸೋರುವುದು 12 ವೋಲ್ಟ್ ಮಾತ್ರ. ಹಾಗಾಗಿ ದೂರಕ್ಕೆ ದಪ್ಪ ಕೇಬಲ್ ಬೇಕು. ಮೋಟಾರಿನ ಟರ್ಮಿನಲ್ ಪೆಟ್ಟಿಗೆಯ ಬಾಯಿ ಮಾತ್ರ ಸಣ್ಣದು, ದಪ್ಪ ಕೇಬಲ್ ಅದರೊಳಗೆ ಬಾಗುವುದೇ ಇಲ್ಲ. ಕೊನೆಯ ಎರಡು ಮೀಟರಿಗೆ ಸಣ್ಣ ಕೇಬಲ್ ಬೇಕೇ ಬೇಕು, ಜೋಡಿಸದೆ ವಿಧಿಯಿಲ್ಲ. ನಮ್ಮ ರೈತರ ಹೊಲಕ್ಕೆ ಮೋಟಾರು ಬಂದ ದಿನದಿಂದಲೂ ಈ ಜೋಡಣೆ ಬೆನ್ನಿಗೇ ಬಂದಿದೆ.

ನಗರದಲ್ಲಿ ಕಾರಣ ಬೇರೆ. ಪುಣೆಯ ಹಳೆ ಪೇಟೆಗಳಲ್ಲಿ ರಸ್ತೆಯ ಬದಿಗೆ ಮಹಾರಾಷ್ಟ್ರದ ವಿದ್ಯುತ್ ವಿತರಣಾ ಕಂಪನಿಯಾದ ಮಹಾವಿತರಣದ ಮಿನಿ ಪಿಲ್ಲರ್‌ಗಳಿವೆ, ಮೊಣಕಾಲೆತ್ತರದಿಂದ ಎದೆಯೆತ್ತರದವರೆಗಿನ ಕಬ್ಬಿಣದ ಪೆಟ್ಟಿಗೆಗಳು. ನೆಲದಡಿಯ ದೊಡ್ಡ ಕೇಬಲ್ ಅಲ್ಲಿಗೆ ಬಂದು, ಅಲ್ಲಿಂದ ಕಟ್ಟಡ ಕಟ್ಟಡಕ್ಕೆ ಸಣ್ಣ ಕೇಬಲ್ಲುಗಳಾಗಿ ಒಡೆಯುತ್ತದೆ. ಗಣೇಶೋತ್ಸವದ ಮಂಡಳಿಗಳಿಗೆ ಕೊಡುವ ತಾತ್ಕಾಲಿಕ ಸಂಪರ್ಕದಲ್ಲೂ ಇದೇ ಕ್ರಮ, ದೊಡ್ಡದರಿಂದ ಸಣ್ಣದಕ್ಕೆ. ಇದಲ್ಲದೆ ಜೆಸಿಬಿ ಅಗೆಯುವಾಗ ಕೇಬಲ್ ತುಂಡಾದರೆ, ಸ್ಟೋರಿನಲ್ಲಿ ಅದೇ ಅಳತೆಯ ಕೇಬಲ್ ಸಿಗದೆ ಮುಂದಿನ ಅಳತೆಯದನ್ನು ತಂದು ಸೇರಿಸುತ್ತಾರೆ. ಅದನ್ನು ತಪ್ಪೆನ್ನಲಾಗದು. ಜೋಡಿಸಿದ ರೀತಿ ಸರಿಯಾಗಿತ್ತೇ ಎಂಬುದನ್ನು ಮಾತ್ರ ಕೇಳಬೇಕು.

ಈಗ ಆ ವಾಷರಿನ ಕಥೆಗೆ ಬರುತ್ತೇನೆ. ಬೋಲ್ಟಿನ ಕೆಲಸ ಒತ್ತುವುದು, ಕರೆಂಟ್ ಹರಿಸುವುದಲ್ಲ. ಇದೊಂದು ಮಾತು ತಲೆಗೆ ಹೋದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಕರೆಂಟ್ ಒಂದು ಲಗ್ಗಿನ ನಾಲಿಗೆಯಿಂದ ಇನ್ನೊಂದರ ನಾಲಿಗೆಗೆ ನೇರವಾಗಿ ದಾಟಬೇಕು. ಅದಕ್ಕೆ ಎರಡು ನಾಲಿಗೆಗಳೂ ಮುಖಕ್ಕೆ ಮುಖ ಕೊಟ್ಟು ಕೂರಬೇಕು. ನಡುವೆ ವಾಷರ್ ಬಂತೋ, ಕರೆಂಟ್ ಆ ಕಬ್ಬಿಣದ ಸಣ್ಣ ಉಂಗುರದೊಳಗಿಂದ ಹಾದುಹೋಗಬೇಕು. ಕಬ್ಬಿಣ ತಾಮ್ರದಷ್ಟು ಚೆನ್ನಾಗಿ ಕರೆಂಟ್ ಹರಿಸುವುದಿಲ್ಲ. ಮೇಲಾಗಿ ಮುಟ್ಟುವ ಜಾಗವೂ ಕಡಿಮೆಯಾಯಿತು, ಒಂದು ಸಂಧಿಯ ಬದಲು ಎರಡು ಸಂಧಿಗಳಾದವು, ತುಕ್ಕು ಬೇರೆ. ಬೋಲ್ಟನ್ನು ಎಷ್ಟು ಬಿಗಿದರೂ ಈ ತಪ್ಪು ಸರಿಹೋಗದು.

ಚಪ್ಪಟೆಯಾದ ಎರಡು ಲೋಹದ ಮುಖಗಳು ಒಂದರ ಮೇಲೊಂದು ಕೂತರೆ ಪೂರ್ತಿ ಮುಟ್ಟುತ್ತವೆ ಎಂದು ನಮ್ಮ ಕಣ್ಣು ಹೇಳುತ್ತದೆ. ಅದು ನಿಜವಲ್ಲ. ಆ ಹುಡುಗನಿಗೆ ನಾನು ಖಡಕ್ ರೊಟ್ಟಿ ನೆನಪಿಸಿದೆ. ಒಣಗಿದ ಜೋಳದ ರೊಟ್ಟಿ ಎರಡನ್ನು ಒಂದರ ಮೇಲೊಂದು ಇಟ್ಟರೆ ಅವು ಮುಟ್ಟುವುದು ಉಬ್ಬಿದ ನಾಲ್ಕಾರು ಕಡೆ ಮಾತ್ರ, ಉಳಿದದ್ದೆಲ್ಲ ಗಾಳಿ. ಲೋಹವೂ ಹಾಗೆಯೇ. ಬರಿಗಣ್ಣಿಗೆ ನುಣುಪು, ಒಳಗೆ ಉಬ್ಬುತಗ್ಗು. ಕರೆಂಟ್ ದಾಟುವುದು ಉಬ್ಬು ಉಬ್ಬಿಗೆ ತಾಗಿದ ಸೂಜಿಮೊನೆಯಂಥ ಚುಕ್ಕೆಗಳಲ್ಲಿ. ಸ್ವೀಡನ್ನಿನ ರಾಗ್ನರ್ ಹೋಲ್ಮ್ ಎಂಬ ವಿಜ್ಞಾನಿ ಕಳೆದ ಶತಮಾನದ ಮೊದಲರ್ಧದಲ್ಲಿ ಈ ಚುಕ್ಕೆಗಳ ಶಾಸ್ತ್ರವನ್ನೇ ಕಟ್ಟಿದ. ಒತ್ತಡ ಹೆಚ್ಚಿದರೆ ಉಬ್ಬುಗಳು ಜಜ್ಜಿ, ಮುಟ್ಟುವ ಚುಕ್ಕೆಗಳು ಹೆಚ್ಚುತ್ತವೆ. ಬೋಲ್ಟು ಬೇಕಿರುವುದು ಇದಕ್ಕೆ.

ಚುಕ್ಕೆಗಳು ಕಡಿಮೆಯಾದರೆ ಏನಾಗುತ್ತದೆ? ಲೆಕ್ಕ ಸುಲಭ. ಒಳ್ಳೆಯ ಜಾಯಿಂಟಿನ ತಡೆ ಒಂದು ಓಮಿನ ಲಕ್ಷದ ಕೆಲವೇ ಭಾಗ. 50 ಮೈಕ್ರೊ ಓಮ್ ಎಂದಿಟ್ಟುಕೊಳ್ಳಿ. 70 ಆಂಪಿಯರ್ ಹರಿದರೆ ಅಲ್ಲಿ ಹುಟ್ಟುವ ಶಾಖ ಕಾಲು ವಾಟ್. ಯಾರಿಗೂ ತಿಳಿಯದು. ಅದೇ ತಡೆ 5 ಮಿಲಿ ಓಮ್ ಆಯಿತೆನ್ನಿ. ಶಾಖ 25 ವಾಟಿನ ಹತ್ತಿರ ಬರುತ್ತದೆ. ರೇಡಿಯೊ ರಿಪೇರಿ ಮಾಡುವವರ ಸಣ್ಣ ಸೋಲ್ಡರಿಂಗ್ ಐರನ್ ಇರುವುದು 25 ವಾಟ್. ಉರಿಯುತ್ತಿರುವ ಸೋಲ್ಡರಿಂಗ್ ಐರನ್ನಿಗೆ ಟೇಪ್ ಸುತ್ತಿ ಪೆಟ್ಟಿಗೆಯೊಳಗೆ ಮುಚ್ಚಿಟ್ಟು ಯಾರಾದರೂ ಮಲಗುತ್ತಾರೆಯೇ? ಆ ಮೀಟರ್ ರೂಮಿನಲ್ಲಿ ನಡೆದಿದ್ದು ಅದೇ. ಪಿವಿಸಿ ಹೊದಿಕೆ ನಿರಂತರವಾಗಿ ತಡೆಯುವುದು 70 ಡಿಗ್ರಿ, ಎಕ್ಸ್‌ಎಲ್‌ಪಿಇ ಆದರೆ 90. ಅದರಾಚೆಗೆ ಹೊದಿಕೆ ಮೆತ್ತಗಾಗುತ್ತದೆ, ಆಮೇಲೆ ಒಡೆಯುತ್ತದೆ.

ಇದರಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವ ಸಂಗತಿ ಬೇರೆ. ಎಂಸಿಬಿ ಇದೆಯಲ್ಲ, ಬಿಸಿಯಾದರೆ ಅದು ಬಿದ್ದುಬಿಡುತ್ತದೆ ಎಂದು ಜನ ನಿಶ್ಚಿಂತೆಯಿಂದ ಇರುತ್ತಾರೆ. ಬೀಳುವುದಿಲ್ಲ. ಎಂಸಿಬಿ ನೋಡುವುದು ಎಷ್ಟು ಕರೆಂಟ್ ಹರಿಯುತ್ತಿದೆ ಎಂಬುದನ್ನು. ಕೆಟ್ಟ ಜಾಯಿಂಟಿನಲ್ಲಿ ಕರೆಂಟ್ ಹೆಚ್ಚುವುದಿಲ್ಲ, ಎಂದಿನಷ್ಟೇ ಹರಿಯುತ್ತದೆ. ನಮ್ಮ ಲೆಕ್ಕದ 70 ಆಂಪಿಯರಿಗೆ ಆ ಜಾಯಿಂಟಿನಲ್ಲಿ ಬಿದ್ದ ವೋಲ್ಟೇಜ್ ಅರ್ಧ ವೋಲ್ಟೂ ಇಲ್ಲ, ಮೀಟರಿಗೂ ಕಾಣದು. ಸೋರಿಕೆ ಹಿಡಿಯುವ ಇಎಲ್‌ಸಿಬಿಗೂ ತಿಳಿಯದು, ಏಕೆಂದರೆ ಕರೆಂಟ್ ನೆಲಕ್ಕೆ ಸೋರುತ್ತಿಲ್ಲ. ಹೊದಿಕೆ ಸುಟ್ಟು, ಫೇಸಿಗೆ ಫೇಸ್ ತಾಗಿ ಶಾರ್ಟ್ ಆದ ಮೇಲೆಯೇ ಅವಕ್ಕೆ ಎಚ್ಚರ. ಅಲ್ಲಿಯವರೆಗೆ ಸುದ್ದಿ ಕೊಡುವುದು ಮೂಗು ಮತ್ತು ಕಣ್ಣು ಮಾತ್ರ. ಅಂದು ನಮ್ಮನ್ನು ಉಳಿಸಿದ್ದು ಆ ವಾಸನೆ, ವಾಸನೆ ಬಂದ ಕೂಡಲೇ ಬಾಗಿಲು ತೆಗೆದ ಆ ಹುಡುಗ. ಹಳೆಯ ಪುಣೆಯ ಮರದ ವಾಡೆಗಳಲ್ಲಿ ಇಂಥದ್ದೇ ಜಾಯಿಂಟ್ ಜಂತಿಯ ಸಂದಿಯಲ್ಲಿ ಇದ್ದರೆ ವಾಸನೆ ಹಿಡಿಯುವವರು ಯಾರು?

ವಾಷರ್ ಎಲ್ಲಿ ಬರಬೇಕು ಹಾಗಾದರೆ? ಹೊರಗಡೆ. ಬೋಲ್ಟಿನ ತಲೆ, ಅದರ ಕೆಳಗೆ ಚಪ್ಪಟೆ ವಾಷರ್, ಬಳಿಕ ಒಂದು ಲಗ್, ಅದಕ್ಕೆ ಅಂಟಿಕೊಂಡು ಇನ್ನೊಂದು ಲಗ್, ಆ ಕಡೆಯಿಂದ ಮತ್ತೆ ಚಪ್ಪಟೆ ವಾಷರ್, ಸ್ಪ್ರಿಂಗ್ ವಾಷರ್, ಕೊನೆಗೆ ನಟ್ಟು. ಬಟ್ಟಲಿನ ಆಕಾರದ ಸ್ಪ್ರಿಂಗ್ ವಾಷರ್ ಆದರೆ ಇನ್ನೂ ಒಳ್ಳೆಯದು. ಬಿಸಿಯಾದಾಗ ಲೋಹ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಅಲ್ಯುಮಿನಿಯಂ ಹಿಗ್ಗುವುದು ಕಬ್ಬಿಣದ ಹತ್ತಿರ ಹತ್ತಿರ ಎರಡರಷ್ಟು. ದಿನವೂ ಹಗಲು ರಾತ್ರಿ ಹೀಗೆ ಹಿಗ್ಗಿ ಕುಗ್ಗುವಾಗ ಒತ್ತಡ ಬಿಡದಂತೆ ಹಿಡಿದುಕೊಳ್ಳುವುದು ಆ ವಾಷರ್.

ಎಷ್ಟು ಬಿಗಿಯಬೇಕೆಂಬುದನ್ನು ತೋಳಿನ ಅಂದಾಜಿಗೆ ಬಿಡಬಾರದು. ಗಟ್ಟಿ ಉಕ್ಕಿನ 10 ಮಿಲಿಮೀಟರ್ ಬೋಲ್ಟಿಗೆ ಸುಮಾರು 40 ನ್ಯೂಟನ್ ಮೀಟರ್, 12ಕ್ಕೆ ಸುಮಾರು 70. ಲಗ್ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಪ್ರಮಾಣ. ಇದಕ್ಕೆ ಟಾರ್ಕ್ ರೆಂಚ್ ಬೇಕು. ಕಾರಿನ ಗ್ಯಾರೇಜಿನಲ್ಲಿ ಚಕ್ರದ ನಟ್ಟಿಗೆ ಬಳಸುವ ಉಪಕರಣವೇ ಇದು, ಆದರೆ ವೈರ್‌ಮನ್‌ಗಳ ಚೀಲದಲ್ಲಿ ಸಿಗುವುದು ಅಪರೂಪ. ಹೆಚ್ಚು ಬಿಗಿದರೂ ಕೆಡುಕೇ. ಅಲ್ಯುಮಿನಿಯಂ ಮೆದು, ವಾಷರಿನ ಕೆಳಗೆ ತಗ್ಗಾಗಿ ಅತ್ತಿತ್ತ ಸರಿದುಬಿಡುತ್ತದೆ. ಆರು ತಿಂಗಳಿಗೊಮ್ಮೆ ಬಂದು ಕಣ್ಣುಮುಚ್ಚಿ ಇನ್ನೊಂದು ಸುತ್ತು ತಿರುಗಿಸಿ ಹೋಗುವವರು ಜಾಯಿಂಟನ್ನು ಉಳಿಸುತ್ತಿಲ್ಲ, ಸವೆಸುತ್ತಿದ್ದಾರೆ. ಸರಿಯಾಗಿ ಬಿಗಿದ ಮೇಲೆ ನಟ್ಟಿನಿಂದ ಲಗ್ಗಿನವರೆಗೆ ಬಣ್ಣದ ಒಂದು ಗೆರೆ ಎಳೆದುಬಿಡಿ. ಮುಂದಿನ ವರ್ಷ ಗೆರೆ ನೇರವಿದ್ದರೆ ನಟ್ಟು ಸಡಿಲಾಗಿ ತಿರುಗಿಲ್ಲ. ಕಾರ್ಖಾನೆಗಳಲ್ಲಿ ನಾವು ಮಾಡುತ್ತಿದ್ದದ್ದು ಇದನ್ನೇ.

ಬೋಲ್ಟಿಗಿಂತ ಹೆಚ್ಚು ಅನ್ಯಾಯವಾಗುವುದು ಕೊಳವೆಯ ಕಡೆ. ಸಂಜೆ ಏಳಕ್ಕೆ ಅಂಗಡಿ ಮುಚ್ಚಿದೆ, ಕೈಯಲ್ಲಿರುವುದು 70ರ ಲಗ್, ಕೇಬಲ್ 95ರದು. ಆಗ ಏನು ಮಾಡುತ್ತಾರೆ? ಹೊರಗಿನ ಸುತ್ತಿನ ನಾಲ್ಕೈದು ಎಳೆ ಕತ್ತರಿಸಿ ತೆಳ್ಳಗೆ ಮಾಡಿ ತೂರಿಸುತ್ತಾರೆ. ಕತ್ತರಿಸಿದ ಎಳೆ ಅಂದರೆ ಅಷ್ಟು ಕೇಬಲ್ ಅಲ್ಲಿ ಇಲ್ಲ ಎಂದೇ ಅರ್ಥ. ಆ ಒಂದು ಬೆರಳುದ್ದ ಜಾಗದಲ್ಲಿ 95ರ ಕೇಬಲ್ 70ರದ್ದಾಗಿದೆ, ಮೇಲೆ ಇರುವ ಫ್ಯೂಸಿಗೆ ಅದು ಗೊತ್ತಿಲ್ಲ. ಇದರ ತಿರುವುಮುರುವೂ ಇದೆ. ಸಣ್ಣ ಕೇಬಲ್ಲಿಗೆ ದೊಡ್ಡ ಲಗ್ ಸಿಕ್ಕಿತು, ಎಳೆಗಳನ್ನು ಮಡಚಿ ದಪ್ಪ ಮಾಡಿ, ಇಲ್ಲವೇ ಚೂರುಪಾರು ತಂತಿ ತುರುಕಿ ಸುತ್ತಿಗೆಯಿಂದ ಜಜ್ಜುವುದು. ಒಳಗೆ ಗಾಳಿ ಉಳಿಯಿತು, ನೀರಿನ ಪಸೆ ಸೇರಿತು, ಒಂದು ಮಳೆಗಾಲದಲ್ಲಿ ಒಳಗೆಲ್ಲ ಬಿಳಿ ಪುಡಿ. ಅಂದು ರಾತ್ರಿ ನಮ್ಮ 25ರ ಕೇಬಲ್ಲಿಗೆ ಹಾಕಿದ್ದದ್ದು 35ರ ಲಗ್. ವಾಷರ್ ತೆಗೆದು ಮುಖಕ್ಕೆ ಮುಖ ಕೂರಿಸಿದ್ದರೂ ಜಾಯಿಂಟ್ ಪೂರ್ತಿ ತಣ್ಣಗಾಗುತ್ತಿರಲಿಲ್ಲ.

ಸರಿಯಾದ ಕ್ರಿಂಪ್ ನೋಡಿದವರಿಗೆ ಅದರ ಅಂದ ಗೊತ್ತು. ಕೇಬಲ್ಲಿಗೆ ತಕ್ಕ ಲಗ್, ಲಗ್ಗಿಗೆ ತಕ್ಕ ಡೈ, ಹೈಡ್ರಾಲಿಕ್ ಟೂಲ್‌ನಲ್ಲಿ ಟನ್‌ಗಟ್ಟಲೆ ಒತ್ತಡ. ಆರು ಮೂಲೆಯ ಗುರುತು ಮೂಡುತ್ತದೆ. ಆ ಜಾಗವನ್ನು ಗರಗಸದಿಂದ ಅಡ್ಡ ಕೊಯ್ದು ನೋಡಿದರೆ ಎಳೆಗಳ ನಡುವೆ ಸಂದಿಯೇ ಕಾಣುವುದಿಲ್ಲ, ಜೇನುಗೂಡಿನ ಕಣ್ಣುಗಳಂತೆ ಒಂದಕ್ಕೊಂದು ಬೆಸೆದು ಘನ ಲೋಹವಾಗಿರುತ್ತದೆ. ಅಲ್ಯುಮಿನಿಯಂ ಕೇಬಲ್ಲುಗಳ ಕ್ರಿಂಪ್ ಲಗ್ಗುಗಳಿಗೆ ನಮ್ಮ ದೇಶದ ಮಾನದಂಡ ಐಎಸ್ 8309. ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 61238ರ ಪರೀಕ್ಷೆಯಲ್ಲಿ ಇಂಥ ಜೋಡಣೆಯನ್ನು 1000 ಸಲ ಕಾಯಿಸಿ ಆರಿಸಿ, ತಡೆ ಏರುತ್ತದೆಯೇ ನೋಡುತ್ತಾರೆ. ಸಾವಿರ ಸಲ! ಆ ಪರೀಕ್ಷೆ ದಾಟಿ ಬಂದ ಲಗ್ಗನ್ನು ಸುತ್ತಿಗೆಯಿಂದ ಜಜ್ಜಿದರೆ ಆ ಪರೀಕ್ಷೆ ಯಾರಿಗೆ ಉಪಯೋಗವಾಯಿತು?

ಕೇಬಲ್ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಅಲ್ಲೇ ಪರೀಕ್ಷೆಯಾಗುತ್ತದೆ, ಮೀಟರ್ ಮೀಟರಿಗೂ ಹೆಸರು ಮತ್ತು ಅಳತೆ ಅಚ್ಚಾಗಿ ಹೊರಬರುತ್ತದೆ. ಲಗ್ ಕೂಡ ಹಾಗೆಯೇ. ಇಡೀ ಮಾರ್ಗದಲ್ಲಿ ಸ್ಥಳದಲ್ಲೇ, ಬೆವರುವ ಕೈಯಲ್ಲಿ, ಮೊಬೈಲಿನ ಬೆಳಕಿನಲ್ಲಿ ತಯಾರಾಗುವ ಭಾಗ ಜಾಯಿಂಟ್ ಒಂದೇ. ಅದನ್ನು ಮಾಡುವ ಹುಡುಗನಿಗೆ ನಾವು ಕೊಡುವ ಸಮಯ, ಉಪಕರಣ, ಕೂಲಿ ಮೂರೂ ಕಡಿಮೆ. ಇದು ನನಗೆ ಎಂದಿಗೂ ಸರಿಯೆನಿಸಿಲ್ಲ.

ಇನ್ನು ತಾಮ್ರ ಮತ್ತು ಅಲ್ಯುಮಿನಿಯಂ ಎಂಬ ಎರಡು ಲೋಹಗಳ ಮಾತು. ಅಲ್ಯುಮಿನಿಯಂ ತಾಮ್ರದ ಸುಮಾರು ಶೇ. 61ರಷ್ಟು ಮಾತ್ರ ಚೆನ್ನಾಗಿ ಕರೆಂಟ್ ಹರಿಸುತ್ತದೆ. ಅದಕ್ಕೇ ಅದೇ ಕೆಲಸಕ್ಕೆ ಅಲ್ಯುಮಿನಿಯಂ ಕೇಬಲ್ ಒಂದೂವರೆ ಪಟ್ಟಿಗಿಂತ ದಪ್ಪ ಬೇಕು. ಒಂದೇ ಗಾತ್ರಕ್ಕೆ ತೂಕ ಮಾತ್ರ ತಾಮ್ರದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ, ಬೆಲೆಯೂ ಕಡಿಮೆ. ದೂರದ ಮಾರ್ಗಕ್ಕೆ ಅಲ್ಯುಮಿನಿಯಂ, ಯಂತ್ರದ ಹತ್ತಿರ ತಾಮ್ರ ಎಂಬ ರೂಢಿ ಹೀಗೆ ಬಂತು. ದಪ್ಪ ಸಣ್ಣದರ ಜೋಡಣೆ ಬಹಳ ಸಲ ಎರಡು ಲೋಹಗಳ ಜೋಡಣೆಯೂ ಆಗಿರುತ್ತದೆ.

ಅಲ್ಯುಮಿನಿಯಂ ತಂತಿಯ ಹೊದಿಕೆ ಸುಲಿದ ಕ್ಷಣದಲ್ಲೇ ಗಾಳಿ ತಾಗಿ ಅದರ ಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪದರ ಕಟ್ಟುತ್ತದೆ. ಆ ಪದರ ಕರೆಂಟ್ ಹರಿಸುವುದೇ ಇಲ್ಲ. ಎಳೆಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತಕ್ಷಣ ಜಾಯಿಂಟಿಂಗ್ ಗ್ರೀಸ್ ಹಚ್ಚಬೇಕು. ಒಳ್ಳೆಯ ಅಲ್ಯುಮಿನಿಯಂ ಲಗ್ಗುಗಳ ಕೊಳವೆಯಲ್ಲಿ ಗ್ರೀಸ್ ತುಂಬಿಯೇ ಬಂದಿರುತ್ತದೆ, ಕೊಳೆ ಅಂತ ಅದನ್ನು ಒರೆಸಿ ತೆಗೆಯುವವರನ್ನು ನಾನೇ ಕಂಡಿದ್ದೇನೆ. ಎರಡನೆಯದಾಗಿ, ಬರಿ ತಾಮ್ರ ಬರಿ ಅಲ್ಯುಮಿನಿಯಂ ಮುಖಾಮುಖಿಯಾಗಿ ನಡುವೆ ತೇವ ಬಂದರೆ ಅದೊಂದು ಸಣ್ಣ ಬ್ಯಾಟರಿಯೇ ಆಗುತ್ತದೆ, ಅದರಲ್ಲಿ ಕರಗುವುದು ಅಲ್ಯುಮಿನಿಯಂ. ಪುಣೆಯ ನಾಲ್ಕು ತಿಂಗಳ ಮಳೆಗೆ ಅದು ಸಾಕು. ಇದಕ್ಕೆ ನಮ್ಮ ಅಜ್ಜಿಯರು ಬಲ್ಲ ಉಪಾಯವೇ ಉಪಾಯ, ಕಲಾಯಿ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕಿಲುಬದಂತೆ ಒಳಗೆ ತವರದ ಕಲಾಯಿ ಹಾಕಿಸುತ್ತಿದ್ದರಲ್ಲ, ತಾಮ್ರದ ಲಗ್ಗಿನ ಮೇಲೆ ಬೆಳ್ಳಗೆ ಕಾಣುವುದು ಅದೇ ತವರ. ಅದನ್ನು ಮರಳುಕಾಗದದಿಂದ ತಿಕ್ಕಿ ಕೆಂಪು ತಾಮ್ರ ತೋರಿಸುವುದು ತಪ್ಪು, ಬಟ್ಟೆಯಿಂದ ಒರೆಸಿದರೆ ಸಾಕು. ಅಲ್ಯುಮಿನಿಯಂ ಕೇಬಲ್ಲಿಗೆ ಬೈಮೆಟಲ್ ಲಗ್ ಸಿಗುತ್ತದೆ, ಕೊಳವೆ ಅಲ್ಯುಮಿನಿಯಂ, ನಾಲಿಗೆ ತಾಮ್ರ, ನಡುವಿನ ಬೆಸುಗೆ ಕಾರ್ಖಾನೆಯಲ್ಲೇ ಆಗಿರುತ್ತದೆ. ಬೆಲೆ ಹೆಚ್ಚು, ಆದರೆ ತಾಮ್ರ ಸೇರುವ ಕಡೆ ಇದನ್ನೇ ಹಾಕಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಟೇಪಿನ ವಿಷಯ ಬೇಗ ಹೇಳಿಬಿಡುತ್ತೇನೆ. ಬೋಲ್ಟಿನ ಮೂಲೆಗಳು ಚೂಪು, ಬರಿ ಪಿವಿಸಿ ಟೇಪ್ ಸುತ್ತಿದರೆ ಅಲ್ಲೇ ಹರಿಯುತ್ತದೆ. ಮೊದಲು ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪಿನಿಂದ ತಗ್ಗುಗಳನ್ನು ತುಂಬಿ ದುಂಡಗೆ ಮಾಡಿ, ಆಮೇಲೆ ಪಿವಿಸಿ ಟೇಪ್, ಇಲ್ಲವೇ ಹೀಟ್ ಶ್ರಿಂಕ್ ಕೊಳವೆ. ಮೂರು ಫೇಸಿನ ಜಾಯಿಂಟುಗಳು ಒಂದೇ ಸಾಲಿನಲ್ಲಿ ಬರದಂತೆ ಹಿಂದೆ ಮುಂದೆ ಮಾಡಿ, ಒಂದರ ಹೊದಿಕೆ ಕೆಟ್ಟರೂ ಪಕ್ಕದ್ದಕ್ಕೆ ತಾಗದು. ಕೇಬಲ್ಲಿಗೆ ಉಕ್ಕಿನ ಆರ್ಮರ್ ಇದ್ದರೆ ಎರಡೂ ಕೇಬಲ್ಲಿನ ಆರ್ಮರನ್ನು ಗ್ಲ್ಯಾಂಡ್ ಮೂಲಕ ಪೆಟ್ಟಿಗೆಗೆ ಕಟ್ಟಿ, ಪೆಟ್ಟಿಗೆಯನ್ನು ಅರ್ತಿಂಗಿಗೆ ಸೇರಿಸಬೇಕು. ಫೇಸಿನ ಜೋಡಣೆ ಮಾಡಿ ಆರ್ಮರನ್ನು ಹಾಗೆಯೇ ಬಿಟ್ಟರೆ, ಜಾಯಿಂಟಿನ ಆಚೆಗೆ ಫೇಸ್ ಎಲ್ಲಿ ತಾಗಿದರೂ ಕರೆಂಟಿಗೆ ಅರ್ತ್ ಮೂಲಕ ಹಿಂದಕ್ಕೆ ಬರುವ ದಾರಿಯೇ ಇಲ್ಲ. ಪಂಪಿನ ಮೈ ಮುಟ್ಟಿದವರಿಗೆ ಶಾಕ್ ಹೊಡೆಯುವುದು ಇಂಥಲ್ಲಿ.

ಪೆಟ್ಟಿಗೆ ಅಂದೆ. ಬೋಲ್ಟು ಹಾಕಿದ ಲಗ್ ಜಾಯಿಂಟಿಗೆ ಪೆಟ್ಟಿಗೆ ಕಡ್ಡಾಯ, ಆ ಪೆಟ್ಟಿಗೆಗೆ ತೆರೆಯುವ ಬಾಗಿಲೂ ಇರಬೇಕು. ಇದನ್ನು ಮಣ್ಣಿನಲ್ಲಿ ಹೂಳಬಾರದು, ಗೋಡೆಯೊಳಗೆ ಗಿಲಾಯಿ ಮಾಡಿ ಮುಚ್ಚಬಾರದು. ಮತ್ತೆ ನೋಡಲು, ಬಿಗಿ ಪರೀಕ್ಷಿಸಲು ಬರುವಂತಿರಬೇಕು. ರಸ್ತೆಯಡಿಯಲ್ಲಿ ತುಂಡಾದ ಕೇಬಲ್ಲಿಗೆ ಬೇರೆ ದಾರಿಯಿದೆ, ಸ್ಟ್ರೇಟ್ ಥ್ರೂ ಜಾಯಿಂಟ್ ಕಿಟ್. ಅದರಲ್ಲೂ ಈಗ ಬರುತ್ತಿರುವ ಶಿಯರ್ ಬೋಲ್ಟ್ ಕನೆಕ್ಟರುಗಳಲ್ಲಿ ಬೋಲ್ಟಿನ ತಲೆ ಸರಿಯಾದ ಬಿಗಿಗೆ ಬಂದ ಕೂಡಲೇ ತಾನಾಗಿ ಮುರಿದು ಬೀಳುತ್ತದೆ, ಒಂದೇ ಕನೆಕ್ಟರಿಗೆ ಹಲವು ಅಳತೆಯ ಕೇಬಲ್ಲುಗಳು ಹಿಡಿಯುತ್ತವೆ. ನೆಲದೊಳಗೆ ಅದೇ ಸರಿ.

ಕೊನೆಯದು ಫ್ಯೂಸ್. ವಾಷರಿಗಿಂತ ದೊಡ್ಡ ತಪ್ಪು ಅಂದು ನಮಗೆ ಸಿಕ್ಕಿದ್ದು ಇದರಲ್ಲಿ. ಮೇಲಿನ 95ರ ಕೇಬಲ್ಲಿಗೆ 160 ಆಂಪಿಯರಿನ ಬ್ರೇಕರ್ ಇತ್ತು. ಆ ಕೇಬಲ್ಲಿಗೆ ಅದು ಸರಿಯೇ. ಕೆಳಗಿನ 25ರ ತಾಮ್ರಕ್ಕೆ ಪ್ರತ್ಯೇಕ ಬ್ರೇಕರ್ ಇರಲಿಲ್ಲ. 25ರ ತಾಮ್ರದ ಕೇಬಲ್ ತಡೆಯುವುದು ಸುಮಾರು 90 ಆಂಪಿಯರ್, ಹಾಕಿದ ಜಾಗ ಮತ್ತು ಸುತ್ತಲಿನ ಸೆಕೆ ನೋಡಿ ಇನ್ನೂ ಕಡಿಮೆ. ಮಂಟಪದ ದೀಪ, ಧ್ವನಿವರ್ಧಕ, ಪಂಪು ಎಲ್ಲ ಸೇರಿ 130 ಆಂಪಿಯರ್ ಎಳೆದರೆ ಮೇಲಿನ ಬ್ರೇಕರ್ ಸುಮ್ಮನೆ ನೋಡುತ್ತಿರುತ್ತದೆ, ಸಣ್ಣ ಕೇಬಲ್ ಉದ್ದಕ್ಕೂ ಬೇಯುತ್ತದೆ. ಎಲ್ಲಿ ಕೇಬಲ್ ಸಣ್ಣದಾಗುತ್ತದೋ ಅಲ್ಲಿ ಅದರ ಅಳತೆಯ ಫ್ಯೂಸೋ ಬ್ರೇಕರೋ ಬರಬೇಕು. ಇದು ವೈರಿಂಗಿನ ಮೂಲ ನಿಯಮ. ಸಣ್ಣದರಿಂದ ದೊಡ್ಡದಕ್ಕೆ ಹೋಗುವಾಗಲೂ ಮೇಲಿರುವ ಫ್ಯೂಸ್ ಸಣ್ಣದರ ಅಳತೆಯದೇ ಆಗಿರಬೇಕು. ಮುಂದೆ ದಪ್ಪ ಕೇಬಲ್ ಇದೆ ಎಂದು ಫ್ಯೂಸ್ ಏರಿಸಿದರೆ ಹಿಂದಿನ ಸಣ್ಣದು ಸುಡುತ್ತದೆ. ಜಾಯಿಂಟ್ ಎಷ್ಟೇ ಚೆನ್ನಾಗಿರಲಿ, ಈ ತಪ್ಪನ್ನು ಅದು ಮುಚ್ಚಲಾರದು.

ಅಂದಿನ ಆರತಿ ಬ್ಯಾಟರಿ ದೀಪದಲ್ಲೇ ಆಯಿತು. ಮರುದಿನ ಬೆಳಿಗ್ಗೆ ಲೈಸೆನ್ಸ್ ಇರುವ ಕಂಟ್ರಾಕ್ಟರನ್ನು ಕರೆಸಿ 95ಕ್ಕೆ ಬೈಮೆಟಲ್ ಲಗ್, 25ಕ್ಕೆ 25ರದೇ ಕಲಾಯಿ ಲಗ್ ಹಾಕಿಸಿದೆವು. ಜಾಯಿಂಟಿನ ಪಕ್ಕಕ್ಕೇ 80 ಆಂಪಿಯರಿನ ಬ್ರೇಕರ್ ಕೂರಿಸಿ, ಸಣ್ಣ ಕೇಬಲ್ಲನ್ನು ಅದರ ಮೂಲಕ ತೆಗೆದದ್ದಾಯಿತು. ಹುಡುಗನೇ ಟಾರ್ಕ್ ರೆಂಚ್ ಹಿಡಿದ. ಟಕ್ ಅಂತ ಸದ್ದು ಬಂದಾಗ ನನ್ನ ಮುಖ ನೋಡಿ, “ಇಷ್ಟs ಸಾಕೇನ್ರಿ ಕಾಕಾ? ನಾ ಇದಕ್ಕಿಂತ ಭಾಳ ತಿರುವ್ತಿದ್ದೆ” ಅಂದ. ಸಾಕು ತಮ್ಮಾ ಅಂದೆ. ಸಂಜೆ ಪೂರ್ತಿ ಲೋಡ್ ಬಿದ್ದಾಗ ಥರ್ಮಲ್ ಕ್ಯಾಮೆರಾ ಹಿಡಿದು ನೋಡಿದೆವು. ಜಾಯಿಂಟಿನ ಬಿಸಿಗೂ ಪಕ್ಕದ ಕೇಬಲ್ಲಿನ ಬಿಸಿಗೂ ಎರಡು ಡಿಗ್ರಿಯ ವ್ಯತ್ಯಾಸವೂ ಇರಲಿಲ್ಲ.

ನಿಮ್ಮ ಸೊಸೈಟಿಯ, ನಿಮ್ಮ ತೋಟದ, ನಿಮ್ಮ ಮಂಡಳಿಯ ಪೆಟ್ಟಿಗೆಯನ್ನು ನೀವೇ ತೆರೆಯಬೇಡಿ. ಮಳೆಗಾಲಕ್ಕೆ ಮೊದಲು ಒಮ್ಮೆ, ಹಬ್ಬಕ್ಕೆ ಮೊದಲು ಒಮ್ಮೆ ಲೈಸೆನ್ಸ್ ಇರುವವರಿಂದ ತೆರೆಸಿ. ಎದುರಿಗೆ ನಿಂತು ಮೂರು ಮಾತು ಕೇಳಿ: ಎರಡು ಲಗ್ಗಿನ ನಡುವೆ ಏನಾದರೂ ಇದೆಯೇ, ಲಗ್ಗಿನ ಅಂಕಿ ಕೇಬಲ್ಲಿನ ಅಂಕಿಗೆ ಹೊಂದುತ್ತದೆಯೇ, ಸಣ್ಣ ಕೇಬಲ್ಲಿನ ಫ್ಯೂಸ್ ಎಲ್ಲಿದೆ. ಉತ್ತರಗಳನ್ನು ತಾರೀಖಿನೊಂದಿಗೆ ಪೆಟ್ಟಿಗೆಯ ಬಾಗಿಲ ಒಳಗಡೆ ಬರೆಸಿ ಅಂಟಿಸಿ. ಮುಂದಿನ ವರ್ಷ ಅದನ್ನು ತೆರೆಯುವ ಹುಡುಗನಿಗೆ ಅದು ಬೇಕಾಗುತ್ತದೆ.